ಅರ್ಧ ಹೇಳಿ ಅರ್ಧ ನುಂಗಬೇಡಿ

"ಗಂಡಸರ ಮೇಲೆಯೇ ಮನಸ್ಸು ಹೋಗುತ್ತದೆ ಅಂತಾದರೆ ಹೆಣ್ಣಾಗಿಯೇ ಇರಬಹುದಿತ್ತಲ್ಲ, ಇಷ್ಟೆಲ್ಲ ರಾಮಾಯಣ ಯಾಕೆ?" ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೀರೋ ನಿಮಗೇ ಲೆಕ್ಕ ತಪ್ಪಿರಬೇಕು. ಮನೆಯಲ್ಲಿ ಅಮ್ಮ ಕೇಳುತ್ತಾರೆ, ಆಸ್ಪತ್ರೆಯಲ್ಲಿ ಡಾಕ್ಟರು ಕೇಳುತ್ತಾರೆ, ಕೊನೆಗೆ ನಿಮ್ಮದೇ ಬಳಗದ ಗೆಳೆಯನೂ ಕೇಳುತ್ತಾನೆ. ಹುಟ್ಟಿದಾಗ ಹೆಣ್ಣೆಂದು ಬರೆಸಿ, ಹೆಣ್ಣೆಂದು ಬೆಳೆಸಿದರೂ ಒಳಗೆ ಗಂಡೇ ಆಗಿರುವ, ಗಂಡಸನ್ನೇ ಪ್ರೀತಿಸುವ ಟ್ರಾನ್ಸ್ ಪುರುಷರು ನೀವು. ನಿಮಗೇ ಈ ಮಾತು ಹೇಳುತ್ತಿದ್ದೇನೆ. ಮನೆಯವರು ಯಾರಾದರೂ ಪಕ್ಕದಲ್ಲಿದ್ದರೆ ಅವರೂ ಕೇಳಿಸಿಕೊಳ್ಳಲಿ.

ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ. ನಾನು ಯಾರು ಅನ್ನುವುದು ಒಂದು, ನನಗೆ ಯಾರು ಬೇಕು ಅನ್ನುವುದು ಇನ್ನೊಂದು. ಹೆಂಗಸನ್ನು ಇಷ್ಟಪಡುವುದರಿಂದ ಯಾರೂ ಗಂಡಸಾಗುವುದಿಲ್ಲ, ಗಂಡಸನ್ನು ಇಷ್ಟಪಟ್ಟರೆ ಗಂಡಸುತನ ಹೋಗುವುದೂ ಇಲ್ಲ. ಇಷ್ಟು ಹೇಳಿ ಸುಮ್ಮನಾಗಿ. ಪ್ರತಿ ಸಲವೂ ಪರೀಕ್ಷೆಗೆ ಕೂತವರ ಹಾಗೆ ಬೆವರುತ್ತಾ ವಿವರಿಸಬೇಕಾಗಿಲ್ಲ.

ಕೇಳುವವರ ಸಂಗತಿ ಹಾಗಿರಲಿ, ಇವತ್ತು ನಾಲ್ಕು ಮಾತು ಬೈಯಬೇಕಾಗಿರುವುದು ನಿಮ್ಮನ್ನೇ. ಈ ಪ್ರಶ್ನೆಗೆ ಬೇಸತ್ತು ನೀವು ಒಂದು ಚಾಳಿ ಕಲಿತಿದ್ದೀರಿ. ಎಲ್ಲಿ ಹೋದರೂ ಅರ್ಧ ಹೇಳುತ್ತೀರಿ, ಅರ್ಧ ನುಂಗುತ್ತೀರಿ. ಹಾರ್ಮೋನ್ ಬೇಕೆಂದು ಡಾಕ್ಟರ ಬಳಿ ಹೋದಾಗ, ಎಲ್ಲಿ ವಾಪಸ್ ಕಳಿಸುತ್ತಾರೋ ಎಂದು ಹೆದರಿ ನನಗೆ ಹುಡುಗಿಯರೇ ಇಷ್ಟ ಅನ್ನುತ್ತೀರಿ. ಗೇ ಗೆಳೆಯರ ನಡುವೆ ಟ್ರಾನ್ಸ್ ಅನ್ನುವುದನ್ನು ಮುಚ್ಚಿಡುತ್ತೀರಿ. ಟ್ರಾನ್ಸ್ ಗೆಳೆಯರ ನಡುವೆ ಗೇ ಅನ್ನುವುದನ್ನು ಮುಚ್ಚಿಡುತ್ತೀರಿ. ಬೀದಿಯಲ್ಲಿ, ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ಮುಚ್ಚಿಟ್ಟರೆ ನಾನೇನೂ ಅನ್ನುವುದಿಲ್ಲ, ಅದು ಜೀವ ಉಳಿಸಿಕೊಳ್ಳುವ ಜಾಣತನ. ಆದರೆ ಹೇಳಲೇಬೇಕಾದವರ ಮುಂದೆಯೂ ನುಂಗಿದರೆ ಅದರ ಪೆಟ್ಟು ಬೀಳುವುದು ನಿಮ್ಮ ಮೈಮೇಲೆ.

ಮೊದಲು ನಿಮ್ಮ ಹಿರಿಯರೊಬ್ಬರ ಕಥೆ ಕೇಳಿ. ಹೆಸರು ಲೂ ಸಲಿವನ್. ಅಮೆರಿಕದ ಮಿಲ್ವಾಕಿಯಲ್ಲಿ 1951ರಲ್ಲಿ ಹುಟ್ಟಿದವರು. ಹತ್ತನೆಯ ವಯಸ್ಸಿಗೇ ದಿನಚರಿ ಬರೆಯಲು ಕೂತರು. ಹುಡುಗನಾಗಬೇಕೆಂಬ ಆಸೆ, ಹುಡುಗರ ಮೇಲಿನ ಆಸೆ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಂಡು ಬೆಳೆದರು. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟು ನಿಂತಾಗ ಮನೆಯವರು ಕೊಟ್ಟ ಉಡುಗೊರೆ ಏನು ಗೊತ್ತೇ? ಒಂದು ಗಂಡಸರ ಸೂಟು, ಜೊತೆಗೆ ಅಜ್ಜನ ಜೇಬುಗಡಿಯಾರ. ಅರ್ಧ ಶತಮಾನದ ಹಿಂದಿನ ಮಾತು ಇದು. ಮಗು ಹೊರಗೆ ಹೊರಟಾಗ ಬಾಗಿಲು ಹಾಕಿಕೊಳ್ಳುವ ಅಪ್ಪ ಅಮ್ಮ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಮನೆಯವರು ಕೊಟ್ಟ ಮನ್ನಣೆ ಡಾಕ್ಟರುಗಳಿಂದ ಸಿಗಲಿಲ್ಲ. ಆಗಿನ ಚಿಕಿತ್ಸಾಲಯಗಳ ಲೆಕ್ಕದಲ್ಲಿ, ಗಂಡಾಗಬೇಕು ಎನ್ನುವವರು ಹೆಂಗಸರನ್ನೇ ಇಷ್ಟಪಡಬೇಕಿತ್ತು. ಲೂ ಸುಳ್ಳು ಹೇಳಲಿಲ್ಲ. ತನಗೆ ಗಂಡಸರೇ ಇಷ್ಟ, ತಾನು ಗೇ ಗಂಡಸಾಗಿ ಬದುಕುತ್ತೇನೆ ಎಂದರು. ಅದೇ ಕಾರಣಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚಿಕಿತ್ಸಾ ಕಾರ್ಯಕ್ರಮದಿಂದ ಅವರನ್ನು ವಾಪಸ್ ಕಳಿಸಿದರು. ಅವರು ಬೇರೆ ಡಾಕ್ಟರುಗಳನ್ನು ಹುಡುಕಿದರು. 1979ರಲ್ಲಿ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಶುರುವಾಯಿತು, 1980ರಲ್ಲಿ ಎದೆಯ ಶಸ್ತ್ರಚಿಕಿತ್ಸೆ ಆಯಿತು. ಅದೇ ವರ್ಷ ತಮ್ಮಂಥವರಿಗಾಗಿ ಒಂದು ಕೈಪಿಡಿ ಬರೆದರು. 1986ರಲ್ಲಿ ಟ್ರಾನ್ಸ್ ಪುರುಷರೆಲ್ಲ ಸೇರಿ ಕೂರುವ ಒಂದು ಕೂಟ ಕಟ್ಟಿದರು, ಅದು ಮುಂದೆ ದೇಶದಾಚೆಗೂ ಬೆಳೆಯಿತು. ನೂರಾರು ಜನರ ಪತ್ರಗಳಿಗೆ ಕೂತು ಉತ್ತರ ಬರೆದರು.

1986ರಲ್ಲೇ ಅವರಿಗೆ ಏಡ್ಸ್ ಇರುವುದು ಗೊತ್ತಾಯಿತು. ಆಗಲೂ ಮನೆಯ ಮೂಲೆ ಹಿಡಿಯಲಿಲ್ಲ. ಐರಾ ಪಾಲಿ ಎಂಬ ಮನೋವೈದ್ಯರ ಎದುರು, ಕ್ಯಾಮರಾ ಮುಂದೆ, ತಮ್ಮ ಬದುಕನ್ನು ಬಿಚ್ಚಿಟ್ಟರು, ಗೇ ಟ್ರಾನ್ಸ್ ಪುರುಷ ಎಂಬ ಜೀವ ಉಂಟು ಎಂದು ವೈದ್ಯರಿಗೆ ಗೊತ್ತಾಗಲಿ ಎಂದು. ತಮಗಿಂತ ಮೊದಲು ಇದೇ ಊರಿನಲ್ಲಿ ಗಂಡಸಾಗಿ ಬದುಕಿ 1936ರಲ್ಲಿ ತೀರಿಕೊಂಡ ಜ್ಯಾಕ್ ಬೀ ಗಾರ್ಲೆಂಡ್ ಎಂಬವರ ಜೀವನಚರಿತ್ರೆಯನ್ನು ಹುಡುಕಿ ತೆಗೆದು 1990ರಲ್ಲಿ ಪುಸ್ತಕ ಮಾಡಿದರು. 1991ರ ಮಾರ್ಚ್ 2ರಂದು, 39ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರ ದಿನಚರಿಗಳ ಆಯ್ದ ಭಾಗ 2019ರಲ್ಲಿ ಪುಸ್ತಕವಾಗಿ ಬಂದಿದೆ. ಇವತ್ತು ನೀವು ಗೇ ಎಂಬ ಒಂದೇ ಕಾರಣಕ್ಕೆ ಹಾರ್ಮೋನ್ ಕೊಡುವುದಿಲ್ಲ ಎನ್ನಲು ಯಾವ ವೈದ್ಯಕೀಯ ಮಾರ್ಗಸೂಚಿಯೂ ಅವಕಾಶ ಕೊಡುವುದಿಲ್ಲ. ಆ ಬಾಗಿಲು ತಾನಾಗಿ ತೆರೆದದ್ದಲ್ಲ. ಇಂಥವರು ಒಳಗಿನದ್ದನ್ನು ನುಂಗದೆ ಪೂರ್ತಿ ಹೇಳಿದ್ದರಿಂದ ತೆರೆದದ್ದು.

ಈಗ ನಿಮ್ಮ ವಿಷಯಕ್ಕೆ ಬರೋಣ. ವೈದ್ಯರ ಹತ್ತಿರ, ವಕೀಲರ ಹತ್ತಿರ ಮುಚ್ಚುಮರೆ ಇರಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗಂಡಸರೊಂದಿಗೆ ನಿಮ್ಮ ಒಡನಾಟ ಇದೆ ಎಂದು ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ಅವರು ಗರ್ಭನಿರೋಧದ ಮಾತೇ ಎತ್ತುವುದಿಲ್ಲ. ನಿಮ್ಮಲ್ಲಿ ಎಷ್ಟೋ ಹುಡುಗರು 'ಟಿ' (ಟೆಸ್ಟೋಸ್ಟೆರಾನ್) ತೆಗೆದುಕೊಳ್ಳುತ್ತಿದ್ದೇನೆ, ಮುಟ್ಟು ನಿಂತಿದೆ, ಇನ್ನೇನು ಭಯ ಎಂದುಕೊಂಡಿದ್ದೀರಿ. ಇದು ದೊಡ್ಡ ತಪ್ಪು. ಟೆಸ್ಟೋಸ್ಟೆರಾನ್ ಗರ್ಭನಿರೋಧಕ ಅಲ್ಲ. ಮುಟ್ಟು ನಿಂತ ಮೇಲೂ ಅಂಡಾಣು ಬಿಡುಗಡೆಯಾಗಬಹುದು, ಗರ್ಭ ನಿಲ್ಲಬಹುದು, ಆ ಔಷಧ ಭ್ರೂಣಕ್ಕೆ ಕೆಡುಕು ಮಾಡಬಹುದು. ಗರ್ಭಕೋಶ, ಅಂಡಾಶಯ ಇರುವ ತನಕ ಈ ಮಾತು ನಿಮಗೆ ಅನ್ವಯಿಸುತ್ತದೆ. ಮುಂದೆ ಮಗು ಬೇಕೆಂಬ ಆಸೆ ಏನಾದರೂ ಇದ್ದರೆ ಅದನ್ನೂ ಔಷಧ ಶುರುಮಾಡುವ ಮೊದಲೇ ಹೇಳಿ. ನಾಚಿಕೆಪಡಬೇಡಿ, ಗಂಡಸಿಗೆ ಮಗು ಬೇಕೆನ್ನಿಸುವುದರಲ್ಲಿ ವಿಚಿತ್ರವೇನೂ ಇಲ್ಲ.

ಜಿಮ್ಮಿನ ಹುಡುಗ ಕೊಟ್ಟ ಬಾಟಲಿ, ಗೆಳೆಯ ಹೇಳಿದ ಡೋಸು ಇವೆರಡನ್ನೂ ಇವತ್ತೇ ಬಿಡಿ. ಗಡ್ಡ ಬೇಗ ಬರಲಿ, ದನಿ ಬೇಗ ಒಡೆಯಲಿ ಎಂದು ಎರಡರಷ್ಟು ಚುಚ್ಚಿಕೊಂಡವರಿದ್ದಾರೆ. ಹೆಚ್ಚಾದ ಟೆಸ್ಟೋಸ್ಟೆರಾನಿನ ಒಂದಷ್ಟು ಪಾಲು ಮೈಯೊಳಗೇ ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ನೀವು ಯಾವುದರಿಂದ ಓಡುತ್ತಿದ್ದೀರೋ ಅದೇ ಬಂದು ಎದುರು ನಿಲ್ಲುತ್ತದೆ. ಜೊತೆಗೆ ಕೆಂಪು ರಕ್ತಕಣ ಏರಿ ರಕ್ತ ಗಟ್ಟಿಯಾಗುತ್ತದೆ. ಅತಿಯಾದರೆ ಅಮೃತವೂ ವಿಷ. ಎಂಡೋಕ್ರಿನಾಲಜಿಸ್ಟ್ ಅಂದರೆ ಹಾರ್ಮೋನ್ ತಜ್ಞರು, ಅವರ ಕೈಯಲ್ಲೇ ಶುರುಮಾಡಿಸಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ರಕ್ತ ಪರೀಕ್ಷೆ ಆಗಲೇಬೇಕು. ಹಿಮೋಗ್ಲೋಬಿನ್, ಹಾರ್ಮೋನ್ ಮಟ್ಟ, ಕೊಬ್ಬು ಎಲ್ಲ ನೋಡುತ್ತಾರೆ. ರಿಪೋರ್ಟುಗಳನ್ನು ಒಂದು ಫೈಲಿನಲ್ಲಿ ಹಾಕಿಡಿ. ಮೊಬೈಲಿನಲ್ಲಿ ಫೋಟೋ ಇದೆ ಅನ್ನಬೇಡಿ, ಮೊಬೈಲು ಕಳೆದ ದಿನವೇ ಡಾಕ್ಟರು ಕೇಳುತ್ತಾರೆ.

ಇನ್ನೊಂದು ಸಂಕೋಚದ ವಿಷಯ. ಸ್ತ್ರೀರೋಗ ತಜ್ಞರ ಬಳಿ ಹೋಗಲು ನಿಮಗೆ ಎಷ್ಟು ಹಿಂಸೆಯಾಗುತ್ತದೆಂದು ಬಲ್ಲೆ. ಗಡ್ಡ ಬಿಟ್ಟ ಗಂಡಸು ಬಸುರಿಯರ ಸಾಲಿನಲ್ಲಿ ಕೂತರೆ ಎಲ್ಲರ ಕಣ್ಣೂ ಅವನ ಮೇಲೆಯೇ. ಆದರೂ ಗರ್ಭಕಂಠ ಇರುವ ತನಕ ಅದರ ಕ್ಯಾನ್ಸರಿನ ತಪಾಸಣೆ ತಪ್ಪಿಸುವಂತಿಲ್ಲ. ಮೊದಲೇ ಫೋನ್ ಮಾಡಿ ದಿನದ ಕೊನೆಯ ಹೊತ್ತು ಕೇಳಿ, ಯಾವ ಹೆಸರಿನಿಂದ ಕರೆಯಬೇಕೆಂದು ತಿಳಿಸಿ, ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ. ಒಬ್ಬ ಡಾಕ್ಟರು ಒರಟಾಗಿ ಮಾತಾಡಿದರೆ ಇನ್ನೊಬ್ಬರನ್ನು ಹುಡುಕಿ. ನಿಮ್ಮನ್ನು "ಸರಿ ಮಾಡುತ್ತೇನೆ", ಮನಸ್ಸು ಬದಲಾಯಿಸುತ್ತೇನೆ ಎಂದು ಯಾವ ವೈದ್ಯರಾದರೂ ಹೊರಟರೆ ಎದ್ದು ಬನ್ನಿ. ಹಾಗೆ ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ, ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಲಿಂಗ ಹೊಂದಿಕೆಯಾಗದಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಹೊಸ ರೋಗಪಟ್ಟಿಯಲ್ಲಿ ಮನೋರೋಗಗಳ ಅಧ್ಯಾಯದಿಂದ ಹೊರಗಿಟ್ಟಿದೆ.

ಎದೆ ಕಟ್ಟುವ ವಿಷಯದಲ್ಲಿ ಗಟ್ಟಿಯಾಗಿಯೇ ಬೈಯುತ್ತೇನೆ. ಕ್ರೇಪ್ ಬ್ಯಾಂಡೇಜು, ಪ್ಯಾಕಿಂಗ್ ಟೇಪು, ಒಂದರ ಮೇಲೊಂದು ಬನಿಯನ್ನು, ಇವೆಲ್ಲ ಬೇಡವೇ ಬೇಡ. ಬ್ಯಾಂಡೇಜು ಉಸಿರಾಡಿದಂತೆಲ್ಲ ಬಿಗಿಯುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ, ಚರ್ಮ ಕಿತ್ತುಬರುತ್ತದೆ. ಅಳತೆ ನೋಡಿ ಸರಿಯಾದ ಬೈಂಡರ್ ಕೊಳ್ಳಿ, ಚಪ್ಪಟೆ ಕಾಣಲೆಂದು ಒಂದು ಸೈಜು ಚಿಕ್ಕದು ತೆಗೆದುಕೊಳ್ಳಬೇಡಿ. ದಿನಕ್ಕೆ ಎಂಟು ಗಂಟೆ ಸಾಕು. ಮಲಗುವಾಗ ಬಿಚ್ಚಿ, ಓಡುವಾಗ, ತೂಕ ಎತ್ತುವಾಗ ಬಿಚ್ಚಿ, ಕೆಮ್ಮು ನೆಗಡಿ ಬಂದಾಗ ಮುಟ್ಟಲೇಬೇಡಿ. ನಮ್ಮ ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಎಂಟು ಗಂಟೆಯೂ ಹೆಚ್ಚಾಯಿತು. ಸಡಿಲ ಅಂಗಿ, ದಪ್ಪ ಬಟ್ಟೆಯ ಒಳಬನಿಯನ್ನು, ಎದೆಯ ಮೇಲೆ ಜೇಬಿರುವ ಚೌಕುಳಿ ಶರ್ಟು, ಇವುಗಳಿಂದಲೂ ಎಷ್ಟೋ ಮರೆಯಾಗುತ್ತದೆ.

ಬಟ್ಟೆಯ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗಂಡಸೆಂದು ಒಪ್ಪಿಸಲು ಹೊರಟ ನೀವು ಕೆಲವೊಮ್ಮೆ ಊರಿನ ಅತ್ಯಂತ ಒರಟು ಗಂಡಸಿನ ಹಾಗೆ ನಡೆಯಲು ಹೋಗುತ್ತೀರಿ. ಕಾಲು ಅಗಲಿಸಿ ಕೂರುವುದು, ಹೆಂಗಸರನ್ನು ಕೀಳಾಗಿ ಮಾತಾಡುವುದು, ಮೃದುವಾಗಿ ಮಾತಾಡುವ ಇನ್ನೊಬ್ಬ ಗೇ ಹುಡುಗನನ್ನು ಗೇಲಿ ಮಾಡುವುದು. ಇದು ನಿಮಗೆ ಬೇಕಿಲ್ಲ, ನಿಮ್ಮದೂ ಅಲ್ಲ. ಗಂಡಸರಲ್ಲಿ ನೂರು ತರ. ಕಣ್ಣಿಗೆ ಕಾಡಿಗೆ ಹಚ್ಚುವ ಗಂಡಸರಿದ್ದಾರೆ, ಕಿವಿಗೆ ಒಂಟಿ ಹಾಕುವವರಿದ್ದಾರೆ, ಭರತನಾಟ್ಯ ಮಾಡುವವರಿದ್ದಾರೆ. ನಮ್ಮ ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟಿ, ಬೆಳಗಾದರೆ ಪಂಚೆ ಉಟ್ಟು ಮನೆಗೆ ಹೋದ ಗಂಡಸರನ್ನು ಕರಾವಳಿ ತಲೆಮಾರುಗಳಿಂದ ಕಂಡಿದೆ. ಹೂವಿನ ಶರ್ಟು ಇಷ್ಟವಾದರೆ ಹಾಕಿ, ಉಗುರಿಗೆ ಬಣ್ಣ ಬೇಕಾದರೆ ಹಚ್ಚಿ. ಹಾಗಾದರೆ ಹೆಣ್ಣಾಗಿಯೇ ಇರಬಹುದಿತ್ತಲ್ಲ ಎಂದು ಮತ್ತೆ ಅದೇ ಹಾಡು ಹಾಡುತ್ತಾರೆ, ಹಾಡಲಿ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಆಫೀಸಿಗೂ ನೆಂಟರ ಮದುವೆಗೂ ಇಟ್ಟುಕೊಳ್ಳಿ, ನಿಮ್ಮವರ ನಡುವೆ ನೋಟವೂ ನಿಮ್ಮಿಚ್ಛೆಯೇ ಇರಲಿ.

ದನಿಯ ವಿಷಯದಲ್ಲಿ ಮಾತ್ರ ಆತುರ ಬೇಡ. ಟೆಸ್ಟೋಸ್ಟೆರಾನಿನಿಂದ ಒಡೆದ ದನಿ ಔಷಧ ನಿಲ್ಲಿಸಿದರೂ ಹಳೆಯದಾಗುವುದಿಲ್ಲ. ಹಾಡುವವರಾದರೆ ಗುರುಗಳ ಬಳಿ ಮಾತಾಡಿ, ಶ್ರುತಿ ಬದಲಾಗುತ್ತದೆಂದು ತಿಳಿದೇ ಹೆಜ್ಜೆ ಇಡಿ. ಬೆಂಗಳೂರಿನ ಹಿಂದೂಸ್ತಾನಿ ಗಾಯಕ ರೂಮಿ ಹರೀಶ್ ಟ್ರಾನ್ಸ್ ಪುರುಷರು. ಅವರ ಬದುಕಿನ ಕಥನವನ್ನು ದಾದಾಪೀರ್ ಜೈಮನ್ 'ಜೌನ್‌ಪುರಿ ಖಯಾಲ್' ಎಂಬ ಹೆಸರಿನಲ್ಲಿ ಕನ್ನಡದಲ್ಲೇ ಬರೆದಿದ್ದಾರೆ. ಕೊಂಡು ಓದಿ. ನಿಮ್ಮಂಥವರ ಬದುಕು ನಿಮ್ಮ ನುಡಿಯಲ್ಲಿ ಅಚ್ಚಾಗಿರುವುದನ್ನು ಕಾಣುವುದೇ ಒಂದು ಬಲ.

ನೀವೂ ಬರೆಯಿರಿ. ದಿನಕ್ಕೆ ಅರ್ಧ ಪುಟ ಸಾಕು. ಕಷ್ಟವನ್ನಷ್ಟೇ ಬರೆಯಬೇಡಿ. ಮೊದಲ ಸಲ ಅಂಗಡಿಯವನು "ಏನ್ ಬೇಕಣ್ಣಾ" ಅಂದದ್ದು, ಯಾರನ್ನೋ ನೋಡಿ ಎದೆ ಜೋರಾಗಿ ಬಡಿದುಕೊಂಡದ್ದು, ಆ ಖುಷಿಯನ್ನೂ ಬರೆಯಿರಿ. ಲೂ ಸಲಿವನ್ ಬರೆದದ್ದರಲ್ಲಿ ನೋವಿನ ಜೊತೆಗೆ ಆಸೆ, ಪ್ರೇಮ, ನಗು ಇದ್ದದ್ದರಿಂದಲೇ ಅದು ಇಷ್ಟು ವರ್ಷ ಉಳಿಯಿತು. ಆದರೆ ಪುಸ್ತಕವನ್ನು ಮನೆಯವರ ಕೈಗೆ ಸಿಗುವಂತೆ ದಿಂಬಿನ ಕೆಳಗಿಡಬೇಡಿ, ಬೀಗದೊಳಗಿಡಿ.

ಪ್ರೀತಿಗೆ ಬರೋಣ. ಡೇಟಿಂಗ್ ಆಪಿನಲ್ಲಿ ಪರಿಚಯವಾದವನಿಗೆ ನೀವು ಟ್ರಾನ್ಸ್ ಎಂಬುದನ್ನು ಯಾವಾಗ ಹೇಳಬೇಕು ಎಂದು ಕೇಳುತ್ತೀರಿ. ಒಂಟಿಯಾಗಿ ಸಿಗುವ ಮೊದಲೇ, ಫೋನಿನಲ್ಲೇ, ನೇರವಾಗಿ ಹೇಳಿ. ಹೇಳದಿರುವುದು ಪಾಪ ಎಂದಲ್ಲ, ಮುಚ್ಚಿದ ಕೋಣೆಯೊಳಗೆ ಒಬ್ಬನ ಸಿಟ್ಟನ್ನು ಎದುರಿಸುವ ಪ್ರಸಂಗ ನಿಮಗೆ ಬರಬಾರದು ಎಂದು. ಅಸಹ್ಯಪಟ್ಟರೆ ಅವನು ಹೋಗಲಿ, ನಿಮ್ಮ ಒಂದು ಸಂಜೆ ಉಳಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಸಿಹಿ ಮಾತಾಡಿದವರೆಲ್ಲ ಒಳ್ಳೆಯವರಲ್ಲ. ಮೊದಲ ಭೇಟಿ ನಾಲ್ಕು ಜನ ಓಡಾಡುವ ಹೋಟೆಲಿನಲ್ಲಿ ಆಗಲಿ. ಎಲ್ಲಿಗೆ ಹೋಗುತ್ತಿದ್ದೀರೆಂದು ಒಬ್ಬ ಗೆಳೆಯನಿಗೆ ಗೊತ್ತಿರಲಿ. ಮುಖ ಕಾಣುವ ಬೆತ್ತಲೆ ಫೋಟೋ ಯಾರಿಗೂ ಕಳಿಸಬೇಡಿ. ಹಣ ಕೊಡು, ಇಲ್ಲವಾದರೆ ಮನೆಗೆ ಹೇಳುತ್ತೇನೆ ಎಂದು ಹೆದರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಒಮ್ಮೆ ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಸಂದೇಶಗಳ ಸ್ಕ್ರೀನ್‌ಶಾಟ್ ಉಳಿಸಿಕೊಂಡು ವಕೀಲರನ್ನೋ ನಿಮ್ಮ ಬಳಗದ ಸಂಘಟನೆಯನ್ನೋ ಜೊತೆಗೆ ಕರೆದುಕೊಂಡು ಪೊಲೀಸರ ಬಳಿ ಹೋಗಿ. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಪ್ಪಿದ ವಯಸ್ಕರ ನಡುವಿನ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದೇ ತೀರ್ಪು ಕೊಟ್ಟಿದೆ. ಕಳ್ಳರ ಹಾಗೆ ತಲೆ ತಗ್ಗಿಸಿ ನಿಲ್ಲಬೇಡಿ.

ಕಾಂಡೋಮ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಟೆಸ್ಟೋಸ್ಟೆರಾನಿನಿಂದ ಯೋನಿಯ ಒಳಪದರ ಒಣಗಿ ತೆಳುವಾಗುತ್ತದೆ, ಸಣ್ಣ ಸೀಳುಗಳು ಬೀಳುತ್ತವೆ, ಅಲ್ಲಿಂದ ಎಚ್‌ಐವಿ ಮತ್ತಿತರ ಸೋಂಕು ಒಳಸೇರುವುದು ಸುಲಭ. ಕಾಂಡೋಮಿನ ಜೊತೆಗೆ ನೀರಿನಂಶದ ಜಾರುಕ ಬಳಸಿ. ಎಚ್‌ಐವಿ ಬರದಂತೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆ ಇದೆ. ಅದರಲ್ಲೊಂದು ಎಚ್ಚರ ಬೇಕು. ಸಂಭೋಗದ ಹಿಂದೆ ಮುಂದೆ ನಾಲ್ಕೇ ಮಾತ್ರೆ ನುಂಗುವ ಪದ್ಧತಿ ನಿಮ್ಮ ಗೇ ಗೆಳೆಯನಿಗೆ ಆಗಬಹುದು, ನಿಮಗಲ್ಲ. ನಿಮಗೆ ದಿನಕ್ಕೊಂದರಂತೆ ತಪ್ಪದೆ ನುಂಗುವ ಪದ್ಧತಿಯೇ. ಇದನ್ನು ಹೇಳಿಕೊಡಬೇಕಾದರೂ ನಿಮ್ಮ ಮೈ ಎಂಥದ್ದು, ಸಂಗಾತಿ ಯಾರು ಎಂಬೆರಡೂ ಡಾಕ್ಟರಿಗೆ ಗೊತ್ತಿರಬೇಕಲ್ಲವೇ? ಕಾಂಡೋಮ್ ಹರಿಯುವಂಥ ಎಡವಟ್ಟಾದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಓಡಿ, 28 ದಿನದ ಔಷಧವಿದೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಗುಟ್ಟಾಗಿರುತ್ತದೆ. ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ. ಸೋಂಕು ತಗುಲಿದ್ದರೂ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಔಷಧ ಉಚಿತ. ತಪ್ಪದೆ ನುಂಗಿ, ವೈರಸ್ಸು ಪರೀಕ್ಷೆಯಲ್ಲಿ ಕಾಣದಷ್ಟು ತಗ್ಗಿದರೆ ಸಂಗಾತಿಗೆ ಹರಡುವುದಿಲ್ಲ, ತುಂಬು ಬಾಳು ಬಾಳಬಹುದು. ಲೂ ಸಲಿವನ್ ಬದುಕಿದ್ದಾಗ ಇಂಥ ಔಷಧ ಇರಲಿಲ್ಲ. ನಿಮಗೆ ಕೈಗೆಟಕುವಷ್ಟು ಹತ್ತಿರ ಇದೆ, ಸೋಮಾರಿತನ ಮಾಡಬೇಡಿ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯಿದೆಯಡಿ ಗುರುತಿನ ಪತ್ರಕ್ಕೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕುವ ವ್ಯವಸ್ಥೆ ಬಂತು. ನಿಯಮಕ್ಕೆ ತಿದ್ದುಪಡಿ ಬರುತ್ತಿರುತ್ತದೆ, ಅರ್ಜಿ ಹಾಕುವ ದಿನದ ನಿಯಮವನ್ನು ವಕೀಲರ ಬಾಯಿಂದಲೇ ಕೇಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಕರ್ನಾಟಕದಲ್ಲಿ 2021ರಿಂದ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಇದೆ, ಅದನ್ನು ಬಿಟ್ಟುಕೊಡಬೇಡಿ.

ಮದುವೆಯಲ್ಲಿ ಮಾತ್ರ ನಿಮಗೊಂದು ಬೇರೆಯೇ ತೊಡಕಿದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಒಂದೇ ಲಿಂಗದವರ ಮದುವೆಗೆ ಮಾನ್ಯತೆ ಕೊಡಲಿಲ್ಲ, ಒಬ್ಬರು ಗಂಡು, ಒಬ್ಬರು ಹೆಣ್ಣಾಗಿರುವ ಟ್ರಾನ್ಸ್ ಜೋಡಿಗಳಿಗೆ ಮಾತ್ರ ಈಗಿರುವ ಕಾನೂನಿನಡಿ ಮದುವೆಯಾಗುವ ಹಕ್ಕಿದೆ ಎಂದಿತು. ಹೆಣ್ಣನ್ನು ಪ್ರೀತಿಸುವ ಟ್ರಾನ್ಸ್ ಪುರುಷನಿಗೆ ಸಿಕ್ಕಿದ್ದು ನಿಮಗೆ ಸಿಗಲಿಲ್ಲ. ಕಾಗದದಲ್ಲಿ ಗಂಡಾದ ದಿನವೇ, ಪ್ರೀತಿಸಿದ ಗಂಡಸನ್ನು ಮದುವೆಯಾಗುವ ದಾರಿ ಕಾನೂನಿನಲ್ಲಿ ಮುಚ್ಚುತ್ತದೆ. ಇದು ಅನ್ಯಾಯ ಎಂದೇ ನನ್ನ ಎಣಿಕೆ. ಆದರೆ ಅದಕ್ಕಾಗಿ ಹೆಣ್ಣಿನ ಹೆಸರಿನ ಕಾಗದವನ್ನೇ ಇಟ್ಟುಕೊಂಡು, ಸೀರೆ ಉಟ್ಟು ಹಸೆಮಣೆ ಏರಿ ಮನೆಯವರನ್ನು ಸಮಾಧಾನ ಮಾಡುವ ಯೋಚನೆ ಬೇಡ. ಒಂದು ದಿನದ ಸಮಾಧಾನಕ್ಕೆ ಬಾಳಿಡೀ ಹೆಂಡತಿ, ಸೊಸೆ ಎಂದು ಕರೆಸಿಕೊಳ್ಳಬೇಕಾಗುತ್ತದೆ. ಬದಲಿಗೆ ಸಿಗುವ ರಕ್ಷಣೆಯನ್ನು ಗಟ್ಟಿ ಮಾಡಿಕೊಳ್ಳಿ. ನಿಮ್ಮಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರದ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಉಯಿಲು ಬರೆಸಿ. ವಯಸ್ಸು ಮೂವತ್ತಾಗಿಲ್ಲ, ಉಯಿಲು ಯಾಕೆ ಅನ್ನಬೇಡಿ. ಉಯಿಲು ಇಲ್ಲದೆ ಹೋದರೆ, ನಿಮ್ಮನ್ನು ಹೊರಹಾಕಿದ ನೆಂಟರೇ ವಾರಸುದಾರರಾಗಿ ಬಂದು ನಿಲ್ಲುತ್ತಾರೆ.

ಹೆತ್ತವರಿಗೆ ಒಂದು ಮಾತು. ಮಗ ಗಂಡನ್ನು ಇಷ್ಟಪಡುತ್ತಾನೆಂದು ತಿಳಿದು, ಇನ್ನೂ ಹೆಣ್ಣಾಗಿ ಉಳಿಯಬಹುದೆಂಬ ಆಸೆ ನಿಮಗೆ ಮೂಡುತ್ತದೆ, ಗಂಡು ಹುಡುಕಲು ಓಡಾಡುತ್ತೀರಿ. ದಯವಿಟ್ಟು ನಿಲ್ಲಿಸಿ. ಇಟ್ಟುಕೊಂಡ ಹೆಸರಿನಿಂದ ಕರೆಯಿರಿ, ಹಬ್ಬಕ್ಕೆ ಅವನಿಗೆ ಒಪ್ಪುವ ಪಂಚೆ ಶರ್ಟು ತನ್ನಿ, ಗೆಳೆಯನನ್ನು ಊಟಕ್ಕೆ ಕರೆಯಿರಿ. ಊರಿನ ಬಾಯಿಗೆ ಬೀಗ ಹಾಕಲಾಗುವುದಿಲ್ಲ, ನಿಮ್ಮ ಮನೆಯ ಬಾಗಿಲಿಗೆ ಹಾಕದಿರುವುದು ನಿಮ್ಮ ಕೈಯಲ್ಲಿದೆ.

ಮನಸ್ಸು ಕುಸಿದ ರಾತ್ರಿ ಒಬ್ಬರೇ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಆ ಸಂಖ್ಯೆಯನ್ನು ಈಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಮುಂದೂಡುತ್ತಾ ಬಂದ ರಕ್ತ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ಡಾಕ್ಟರ ಎದುರು ಕೂತಾಗ ನಾನು ಟ್ರಾನ್ಸ್ ಪುರುಷ, ನನ್ನ ಸಂಗಾತಿ ಗಂಡಸು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ.